ಮಗಳ ಸೈಕಾಲಜಿ, ಮೇಡಂ ಜತೆ ರಿಸರ್ಚು

‘ಮಗಳು ಬಿ.ಎ. ಸೈಕಾಲಜಿ ಓದ್ತಿದಾಳೆ’ ಎಂದರೆ ಸಾಕು, ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕೂತವರು ‘ಹಾಗಾದ್ರೆ ನನ್ನ ಮನಸ್ಸಲ್ಲಿ ಏನಿದೆ ಹೇಳಮ್ಮ ನೋಡೋಣ’ ಎಂದು ಕೇಳಿಯೇ ಕೇಳುತ್ತಾರೆ. ಈ ಹುಡುಗಿಯರಿಗೆ ಅದೆಲ್ಲ ಅಭ್ಯಾಸವಾಗಿಬಿಟ್ಟಿದೆ. ನಮ್ಮ ಚಿಂತೆಯೇ ಬೇರೆ. ಎರಡು ಗಂಟೆಗೆ ಕ್ಲಾಸ್ ಮುಗಿದರೂ ಇವಳು ಮನೆಗೆ ಬರೋದು ಆರಕ್ಕೆ. ಕೇಳಿದರೆ ‘ಮೇಡಂ ಜತೆ ರಿಸರ್ಚ್ ಮಾಡ್ತಿದೀನಮ್ಮ’ ಅನ್ನುತ್ತಾಳೆ. ಸಂಬಳ ಇಲ್ಲ, ಮಾರ್ಕ್ಸೂ ಇಲ್ಲ. ಇದ್ಯಾವ ಸೀಮೆ ರಿಸರ್ಚು ಅಂತ ನಿಮಗೆ ಅನ್ನಿಸಿದ್ದರೆ ತಪ್ಪಿಲ್ಲ ಬಿಡಿ.

ಆದರೆ ಬೇಡ ಅನ್ನುವ ಮೊದಲು ಒಂದಿಷ್ಟು ವಿಷಯ ತಿಳಿದುಕೊಳ್ಳಿ. ಸೈಕಾಲಜಿಯಲ್ಲಿ ಬರೀ ಬಿ.ಎ. ಮಾಡಿದರೆ ಯಾರೂ ಮನಃಶಾಸ್ತ್ರಜ್ಞರಾಗುವುದಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡು ಹಾಕಿಕೊಳ್ಳಬೇಕಾದರೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಬೇಕು. ಅದಕ್ಕೆ ಮುಂದೆ ಇನ್ನೂ ಓದಬೇಕು. ಆ ಮುಂದಿನ ಓದಿನ ಸಂದರ್ಶನದಲ್ಲಿ ‘ನೀನು ಯಾವ ಅಧ್ಯಯನದಲ್ಲಿ ಕೆಲಸ ಮಾಡಿದ್ದೀಯ, ಅದರಲ್ಲಿ ನಿನ್ನ ಪಾಲೇನು’ ಎಂಬ ಪ್ರಶ್ನೆ ಬಂದಾಗ ಬಾಯಿ ತೆರೆಯಲು ಏನಾದರೂ ಇರಬೇಕಲ್ಲ? ಆ ‘ಏನಾದರೂ’ ಸಿಗುವುದು ಈ ಸಂಜೆಗಳಲ್ಲೇ.

‘ಅವರಿಗೆ ಪ್ರಾಕ್ಟಿಕಲ್ ಇರುತ್ತಲ್ಲ, ಸಾಲದಾ?’ ಎಂದು ಕೇಳಬಹುದು. ಕನ್ನಡಿಯಲ್ಲಿ ನೋಡುತ್ತಾ ನಕ್ಷತ್ರದ ಚಿತ್ರ ತಿದ್ದುವುದು, ಎರಡು ಗೆರೆಗಳಲ್ಲಿ ಉದ್ದ ಯಾವುದು ಅಂತ ಹೇಳುವುದು, ಇವೆಲ್ಲ ಪ್ರಾಕ್ಟಿಕಲ್. ಅದರ ಉತ್ತರ ಪುಸ್ತಕದಲ್ಲಿ ಮೊದಲೇ ಇರುತ್ತದೆ, ರೆಕಾರ್ಡ್ ಬರೆದು ಸಹಿ ಹಾಕಿಸಿಕೊಂಡರೆ ಮುಗಿಯಿತು. ಸಂಶೋಧನೆಯಲ್ಲಿ ಉತ್ತರ ಮೇಡಂಗೂ ಗೊತ್ತಿರುವುದಿಲ್ಲ. ವ್ಯತ್ಯಾಸ ಇರೋದೇ ಅಲ್ಲಿ.

<b>ಹಿಟ್ಟು ನಾದುವ ಕೆಲಸ</b>

ಮೊದಲ ಆರು ತಿಂಗಳು ಅವಳಿಗೆ ಸಿಗುವುದೆಲ್ಲ ಬೇಸರದ ಕೆಲಸವೇ. ಹಳೆಯ ಸಂಶೋಧನಾ ಲೇಖನಗಳನ್ನು ಹುಡುಕಿ ಟಿಪ್ಪಣಿ ಮಾಡುವುದು, ನೂರಾರು ಜನ ತುಂಬಿಕೊಟ್ಟ ಪ್ರಶ್ನಾವಳಿಗಳನ್ನು ಕಂಪ್ಯೂಟರಿಗೆ ಹಾಕುವುದು, ಸಂದರ್ಶನದ ರೆಕಾರ್ಡಿಂಗ್ ಕೇಳಿ ಅಕ್ಷರಕ್ಕಿಳಿಸುವುದು. ಒಂದು ಗಂಟೆಯ ಮಾತು ಬರೆದು ಮುಗಿಸಲು ನಾಲ್ಕೈದು ಗಂಟೆ ಬೇಕು. ‘ಗುಮಾಸ್ತೆ ಕೆಲಸ ಮಾಡಿಸ್ಕೊಳ್ತಿದಾರೆ’ ಎಂದು ಮಗಳು ಗೊಣಗಿದರೆ ನೀವೂ ದನಿಗೂಡಿಸಬೇಡಿ. ಹಿಟ್ಟು ನಾದದೆ ಚಪಾತಿ ಮೆತ್ತಗಾಗುವುದಿಲ್ಲ ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ವರ್ಷವಾದರೂ ಬರೀ ನಾದುವುದೇ ಆಗಿದ್ದು, ಯಾವುದನ್ನು ಯಾಕೆ ಮಾಡುತ್ತಿದ್ದೇವೆಂದು ಯಾರೂ ಕೂರಿಸಿಕೊಂಡು ಹೇಳದಿದ್ದರೆ, ಅಲ್ಲಿಂದ ಎದ್ದು ಬರುವುದೇ ವಾಸಿ.

ಇನ್ನೊಂದು ಕೆಲಸವಿದೆ. ನನ್ನ ಕೇಳಿದರೆ ಅದೇ ಎಲ್ಲಕ್ಕಿಂತ ಸ್ವಾರಸ್ಯದ್ದು. ಮನಸ್ಸನ್ನು ಅಳೆಯುವ ಪ್ರಶ್ನಾವಳಿಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿ ಹುಟ್ಟಿದವು. ಅವನ್ನು ಕನ್ನಡಕ್ಕೆ ತರಬೇಕು. ತಂದದ್ದನ್ನು ಮೂಲ ನೋಡದ ಇನ್ನೊಬ್ಬರು ಮತ್ತೆ ಇಂಗ್ಲಿಷಿಗೆ ಮಾಡಬೇಕು. ಎರಡೂ ಇಂಗ್ಲಿಷು ಹೊಂದಿದರೆ ಸರಿ, ಇಲ್ಲದಿದ್ದರೆ ಮತ್ತೆ ಮೊದಲಿಂದ. ಇಂಗ್ಲಿಷಿನವರು ಬೇಸರಕ್ಕೆ ನೀಲಿ ಬಣ್ಣದ ಹೆಸರು ಹೇಳುತ್ತಾರಂತೆ. ಅದನ್ನೇ ಕನ್ನಡ ಮಾಡಿ ‘ನೀವು ನೀಲಿಯಾಗಿದ್ದೀರಾ’ ಎಂದು ಚಾಮರಾಜಪೇಟೆಯ ಅಜ್ಜಿಯೊಬ್ಬರನ್ನು ಕೇಳಿದರೆ ಏನಾದೀತು, ಯೋಚಿಸಿ! ನಮ್ಮ ಅಜ್ಜಿಯರು ‘ಖಿನ್ನತೆ’ ಎಂಬ ಪದವನ್ನೂ ಬಳಸುವವರಲ್ಲ. ಎದೆ ಭಾರ, ಯಾವುದರಲ್ಲೂ ಮನಸ್ಸಿಲ್ಲ, ಕೈಕಾಲು ಸೋತು ಬರುತ್ತೆ, ಅನ್ನ ಸೇರಲ್ಲ ಎನ್ನುತ್ತಾರೆ. ಈ ಮಾತುಗಳು ಗೊತ್ತಿಲ್ಲದ ಹುಡುಗಿ ಎಷ್ಟೇ ಚುರುಕಾಗಿದ್ದರೂ ಒಳ್ಳೆಯ ಪ್ರಶ್ನೆ ಕೇಳಲಾರಳು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಿಮ್ಮ ಮಗಳು ಸಂಜೆ ಅಡುಗೆಮನೆಗೆ ಬಂದು ‘ಅಮ್ಮಾ, ಆಂಗ್ಸೈಟಿಗೆ ನೀವೆಲ್ಲ ಏನಂತೀರ?’ ಎಂದರೆ ನಿಘಂಟಿನ ಪದ ಹೇಳಬೇಡಿ. ‘ಹೊಟ್ಟೇಲಿ ಕಲಸಿದ ಹಾಗಾಗತ್ತೆ’ ಅಂತ ನೀವು ಹೇಳುವುದನ್ನೇ ಹೇಳಿ.

ಇದಕ್ಕೊಂದು ದೊಡ್ಡ ಕಾರಣವೂ ಇದೆ. ಪುಸ್ತಕದಲ್ಲಿರುವ ಎಷ್ಟೋ ಸಿದ್ಧಾಂತಗಳು ಅಮೆರಿಕ, ಯುರೋಪಿನ ಕಾಲೇಜು ಹುಡುಗರ ಮೇಲೆ ನಡೆಸಿದ ಪ್ರಯೋಗದಿಂದ ಬಂದವು. ಅದನ್ನು ಇಡೀ ಮನುಕುಲಕ್ಕೆ ಅನ್ವಯಿಸುವುದು ಹೇಗೆ ಎಂದು 2010ರಲ್ಲಿ ಕೆನಡಾದ ಜೋಸೆಫ್ ಹೆನ್ರಿಕ್ ಮತ್ತು ಸಂಗಡಿಗರು ಕೇಳಿದರು. ಐದು ವರ್ಷದ ನಂತರ, 2015ರಲ್ಲಿ, ಸಂಶೋಧಕರ ಒಂದು ದೊಡ್ಡ ಗುಂಪು ಹಿಂದಿನ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿತು. ಸ್ಪಷ್ಟ ಫಲಿತಾಂಶ ಮತ್ತೆ ಕಾಣಿಸಿದ್ದು ಶೇ 36ರಲ್ಲಿ ಮಾತ್ರ! ಹಾಗಾಗಿ ‘ಯಾರೋ ಮಾಡಿದ್ದನ್ನೇ ಮತ್ತೆ ಮಾಡಿಸ್ತಿದಾರೆ’ ಎಂದು ಮಗಳು ಮುಖ ಊದಿಸಿಕೊಂಡರೆ, ಅದೂ ಬೇಕಾದ ಕೆಲಸವೇ ಎಂದು ಹೇಳಿ.

ನಮ್ಮ ನಾಡಿಗೆ ಈ ವಿಷಯ ಹೊಸದೂ ಅಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ವಿಭಾಗ ಶುರುವಾದದ್ದು 1924ರಲ್ಲಿ. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಲ್ಲಿ ರೇಡಿಯೋ ಕೇಂದ್ರ ಆರಂಭಿಸಿದವರು. ‘ಆಕಾಶವಾಣಿ’ ಎಂಬ ಹೆಸರು ಬಂದದ್ದು ಆ ಕೇಂದ್ರದಿಂದ. ಸೈಕಾಲಜಿ ಓದಿದವರು ಏನು ಮಾಡ್ತಾರೆ ಅಂತ ಕೇಳುವ ನೆಂಟರಿಗೆ ಇದನ್ನು ಹೇಳಬಹುದು!

<b>ಮಾರ್ಗದರ್ಶಕರು ಸಿಗೋದು ಹೇಗೆ?</b>

ಮೊದಲು ಅವಳದೇ ಕಾಲೇಜಿನಲ್ಲಿ ನೋಡಲಿ. ನಿಮ್ಹಾನ್ಸ್‌ಗೇ ಹೋಗಬೇಕೆಂಬ ಹಟ ಬೇಡ. ತನ್ನ ಅಧ್ಯಾಪಕರಲ್ಲಿ ಯಾರು ಪಿಎಚ್.ಡಿ. ಮಾಡುತ್ತಿದ್ದಾರೆ, ಯಾರು ಏನು ಬರೆದಿದ್ದಾರೆ ಎಂದು ವಿಚಾರಿಸಲಿ. ಅವರ ಒಂದು ಲೇಖನವನ್ನಾದರೂ ಪೂರ್ತಿ ಓದಲಿ. ಆಮೇಲೆ ಹೋಗಿ ‘ಮೇಡಂ, ನಿಮ್ಮ ಈ ಲೇಖನ ಓದಿದೆ, ಇಂಥ ಕಡೆ ಅರ್ಥವಾಗಲಿಲ್ಲ. ವಾರಕ್ಕೆ ಐದಾರು ಗಂಟೆ ನಿಮ್ಮ ಜತೆ ಕೆಲಸ ಮಾಡಬಹುದಾ?’ ಎಂದು ಕೇಳಲಿ. ಬೇರೆ ಸಂಸ್ಥೆಯವರಾದರೆ ಇದನ್ನೇ ಎಂಟು ಹತ್ತು ಸಾಲಿನ ಇ-ಮೇಲ್‌ನಲ್ಲಿ ಬರೆದರಾಯಿತು. ಒಂದೇ ಪತ್ರವನ್ನು ಇಪ್ಪತ್ತು ಜನಕ್ಕೆ ಕಳಿಸುವ ಮಕ್ಕಳಿದ್ದಾರೆ, ಹೆಸರು ಬದಲಿಸಲೂ ಮರೆತಿರುತ್ತಾರೆ. ಅಂಥವಕ್ಕೆ ಉತ್ತರ ಬರುವುದಿಲ್ಲ. ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಒಮ್ಮೆ ನೆನಪಿಸಬಹುದು, ಆಮೇಲೆ ಸುಮ್ಮನಾಗಬೇಕು. ಇನ್ನೊಂದು ಮಾತು: ಈ ಫೋನು ನೀವು ಮಾಡಬೇಡಿ. ಅಮ್ಮನ ಶಿಫಾರಸಿನ ಮೇಲೆ ಬಂದವಳು ಅಂತ ಅವಳಿಗೆ ಹೆಸರು ಬರುವುದು ಬೇಡ.

ಒಂದು ವಿಷಯ ಗಮನದಲ್ಲಿರಲಿ. ಕರ್ನಾಟಕದಲ್ಲಿ 2021ರಲ್ಲಿ ಬಂದ ನಾಲ್ಕು ವರ್ಷದ ಪದವಿ ಪದ್ಧತಿಯನ್ನು ಸರ್ಕಾರ 2024-25ರಿಂದ ಕೈಬಿಟ್ಟು ಮೂರು ವರ್ಷಕ್ಕೆ ಮರಳಿತು. ನಾಲ್ಕು ವರ್ಷದ ಕೋರ್ಸ್ ಇರುವ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ, ಯುಜಿಸಿ ನಿಯಮದಂತೆ ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ 75 ಪಡೆದವರು ಕೊನೆಯ ವರ್ಷ ಸಂಶೋಧನೆ ಆರಿಸಿಕೊಳ್ಳಬಹುದು. ನಿಮ್ಮ ಮಗಳದು ಮೂರು ವರ್ಷದ ಪದವಿಯಾದರೆ ಕಾಲೇಜೇ ಅವಕಾಶ ಕೊಡಲಿ ಎಂದು ಕಾಯದೆ ಎರಡನೇ ವರ್ಷದಲ್ಲೇ ಹುಡುಕಲು ಶುರುಮಾಡಲಿ.

ದುಡ್ಡಿನ ಬಲೆಗಳ ಬಗ್ಗೆಯೂ ಎಚ್ಚರ ಇರಲಿ. ‘ಹದಿನೈದು ದಿನದ ಇಂಟರ್ನ್‌ಶಿಪ್, ಸರ್ಟಿಫಿಕೇಟ್ ಖಚಿತ’ ಎಂದು ಶುಲ್ಕ ಕೇಳುವ ಜಾಹೀರಾತು ಮೊಬೈಲಿನಲ್ಲಿ ಬರುತ್ತಲೇ ಇರುತ್ತವೆ. ದುಡ್ಡು ಕೊಟ್ಟರೆ ವಾರದೊಳಗೆ ಲೇಖನ ಪ್ರಕಟಿಸುವ ಪತ್ರಿಕೆಗಳೂ ಇವೆ. ಯಾವ ಪತ್ರಿಕೆ ನಂಬಬಹುದು ಎಂದು ಯುಜಿಸಿ ಇಟ್ಟಿದ್ದ ಪಟ್ಟಿ 2025ರಲ್ಲಿ ನಿಂತುಹೋಯಿತು. ಈಗ ಅದನ್ನು ನೋಡಿ ಹೇಳಬೇಕಾದವರು ಮಾರ್ಗದರ್ಶಕರೇ. ಲೆಕ್ಕ ಹಾಕುವ ತಂತ್ರಾಂಶಕ್ಕೂ ಖರ್ಚು ಮಾಡಬೇಕಿಲ್ಲ. ಜಮೋವಿ, ಆರ್ ಎಂಬವು ಉಚಿತವಾಗಿಯೇ ಸಿಗುತ್ತವೆ.

<b>ಊಟ ಬಿಟ್ಟು ಮಲಗಿದ ದಿನ</b>

ನನ್ನ ಅಕ್ಕನ ಮಗಳು ಒಂಟಿಯಾಗಿರುವ ಹಿರಿಯರ ಬಗ್ಗೆ ನಡೆಯುತ್ತಿದ್ದ ಅಧ್ಯಯನದಲ್ಲಿ ಕೆಲಸ ಮಾಡುತ್ತಿದ್ದಳು. ಒಂದು ದಿನ ಸಂದರ್ಶನ ಮುಗಿಸಿ ಬಂದವಳು ಊಟ ಬೇಡವೆಂದು ಮಲಗಿಬಿಟ್ಟಳು. ಅಕ್ಕ ‘ಯಾರು, ಏನು ಹೇಳಿದ್ರು’ ಎಂದು ಕೇಳಿದ್ದೇ ಕೇಳಿದ್ದು. ಹುಡುಗಿ ಬಾಯಿ ಬಿಡಲಿಲ್ಲ. ಅವಳು ಮಾಡಿದ್ದೇ ಸರಿ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವಾಗ ‘ನಿಮ್ಮ ಮಾತು ಹೊರಗೆ ಹೋಗುವುದಿಲ್ಲ’ ಎಂದು ಕೊಟ್ಟ ಭಾಷೆ ಮನೆಯ ಊಟದ ಮೇಜಿಗೂ ಅನ್ವಯಿಸುತ್ತದೆ. ನೀವು ಕೇಳಬೇಕಾದ್ದು ‘ನೀನು ಹೇಗಿದ್ದೀಯ? ಮೇಡಂಗೆ ಹೇಳಿದೆಯಾ?’ ಎಂದಷ್ಟೇ. ಮನಕಲಕುವ ವಿಷಯದ ಅಧ್ಯಯನಕ್ಕೆ ಹುಡುಗಿಯೊಬ್ಬಳನ್ನೇ ಕಳಿಸಿ, ಬಂದ ಮೇಲೆ ಮಾತನಾಡಿಸದ ಮಾರ್ಗದರ್ಶಕರು ನನ್ನ ಪ್ರಕಾರ ಮಾರ್ಗದರ್ಶಕರಲ್ಲ. ಎದುರಿಗೆ ಕೂತವರು ‘ಬದುಕೋದೇ ಬೇಡ’ ಎಂದರೆ ಏನು ಮಾಡಬೇಕೆಂದು ಮೊದಲೇ ಹೇಳಿಕೊಟ್ಟಿರಬೇಕು. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿ 14416 ಅವಳ ಫೋನಿನಲ್ಲಿರಲಿ, ನಿಮ್ಮದರಲ್ಲೂ ಇರಲಿ.

ಮಕ್ಕಳ ಮೇಲಿನ ಅಧ್ಯಯನವಾದರೆ ನಿಯಮ ಇನ್ನೂ ಬಿಗಿ. ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ 18 ವರ್ಷದೊಳಗಿನವರಿಗೆ ಹೆತ್ತವರ ಅನುಮತಿ ಬೇಕು, 7 ವರ್ಷ ದಾಟಿದ ಮಗುವಿನ ಒಪ್ಪಿಗೆಯೂ ಬೇಕು. ‘ಅಪಾರ್ಟ್‌ಮೆಂಟ್ ಮಕ್ಕಳೆಲ್ಲ ಇದ್ದಾರಲ್ಲ, ಆಡುವಾಗ ಎರಡು ಪ್ರಶ್ನೆ ಕೇಳಿಬಿಡು’ ಅಂತ ನೀವು ದಾರಿ ತೋರಿಸಬೇಡಿ.

ಸಮಯದ ವಿಚಾರವನ್ನೂ ಸಂಕೋಚವಿಲ್ಲದೆ ಮಾತಾಡಿ. ಮಾರ್ಗದರ್ಶಕರು ಸರ್ ಆಗಲಿ, ಮೇಡಂ ಆಗಲಿ, ಭೇಟಿ ಕಾಲೇಜಿನಲ್ಲಿ, ಬೇರೆಯವರೂ ಓಡಾಡುವ ಹೊತ್ತಿನಲ್ಲಿ ನಡೆಯಲಿ. ಇರಿಸುಮುರಿಸಾಗುವಂಥದ್ದು ನಡೆದರೆ ದೂರು ಕೊಡಲು ಪ್ರತಿ ಕಾಲೇಜಿನಲ್ಲೂ ಆಂತರಿಕ ದೂರು ಸಮಿತಿ ಇರಬೇಕೆಂದು ಯುಜಿಸಿಯ ನಿಯಮವೇ ಇದೆ. ಅದರಲ್ಲಿ ಯಾರಿದ್ದಾರೆಂದು ಮಗಳಿಗೆ ಗೊತ್ತಿರಲಿ.

ಇದನ್ನೆಲ್ಲ ಓದುತ್ತಾ ‘ನಾನೇ ಯಾಕೆ ಸೈಕಾಲಜಿ ಓದಬಾರದು’ ಎಂದು ನಿಮಗೂ ಆಸೆ ಹುಟ್ಟಿದ್ದರೆ, ಸಂತೋಷ. ಆದರೆ ದೂರಶಿಕ್ಷಣದಲ್ಲಾಗಲಿ ಆನ್‌ಲೈನಿನಲ್ಲಾಗಲಿ ಸೈಕಾಲಜಿಗೆ ಹೊಸಬರನ್ನು ಸೇರಿಸಿಕೊಳ್ಳುವುದನ್ನು ಯುಜಿಸಿ 2025ರ ಜುಲೈ-ಆಗಸ್ಟ್ ಸಾಲಿನಿಂದ ನಿಲ್ಲಿಸಿದೆ. ಯಾರಾದರೂ ಫೋನ್ ಮಾಡಿ ಸೀಟಿದೆ ಎಂದರೆ ದುಡ್ಡು ಕಟ್ಟುವ ಮೊದಲು ವಿಚಾರಿಸಿ.

ಮತ್ತೆ, ಮಗಳು ತಾನು ತಯಾರಿಸಿದ ಪ್ರಶ್ನಾವಳಿ ಹಿಡಿದು ‘ಅಮ್ಮಾ, ಒಂದ್ಸಲ ತುಂಬಿ ನೋಡು’ ಎಂದು ಬಂದೇ ಬರುತ್ತಾಳೆ. ಮನೆಯವರ ಉತ್ತರ ಅಧ್ಯಯನದ ಲೆಕ್ಕಕ್ಕೆ ಸೇರುವುದಿಲ್ಲ, ಸೇರಲೂಬಾರದು. ಅವಳಿಗೆ ಬೇಕಾಗಿರುವುದು ಯಾವ ಪ್ರಶ್ನೆ ಅರ್ಥವಾಗಲಿಲ್ಲ, ಎಷ್ಟು ಹೊತ್ತು ಹಿಡಿಯಿತು ಎಂಬ ಎರಡೇ ಸಂಗತಿ. ಕನ್ನಡಕ ಹಾಕಿಕೊಂಡು ಕೂತು ತುಂಬಿಕೊಡಿ. ಯಾವುದೋ ಪ್ರಶ್ನೆಗೆ ಉತ್ತರಿಸಲು ಇಷ್ಟವಿಲ್ಲದಿದ್ದರೆ ಹಾಗೇ ಖಾಲಿ ಬಿಡಿ. ಬೇಸರವಾದರೆ ಮಧ್ಯದಲ್ಲೇ ಎದ್ದು ಹೋಗಬಹುದು ಎಂದು ಅವಳೇ ಮೊದಲ ಪುಟದಲ್ಲಿ ಬರೆದಿರುತ್ತಾಳೆ, ನೋಡಿ.