ಕೊನೆಯ ಕ್ಷಣದ ಸವಾಲು

1662ರ ಸೆಪ್ಟೆಂಬರ್ ತಿಂಗಳು. ಲಂಡನ್ ನಗರದಲ್ಲಿ ನೌಕಾ ಇಲಾಖೆಯವರು ಹಡಗುಗಳನ್ನು ಹರಾಜು ಹಾಕುತ್ತಿದ್ದರು. ಒಂದಂಗುಲ ಮೇಣದಬತ್ತಿ ಉರಿಯುವವರೆಗೆ ಸವಾಲು. ದೀಪ ನಂದುವ ಮುನ್ನ ಕಟ್ಟಕಡೆಗೆ ಕೂಗಿದವನಿಗೆ ಮಾಲು. ಜಾಣನೊಬ್ಬನು ಮಾತ್ರ ಪ್ರತಿ ಸಲವೂ ಸಕಾಲಕ್ಕೆ ಕೂಗುತ್ತಿದ್ದನು. ಜ್ವಾಲೆ ಆರುವಾಗ ಹೊಗೆ ಕೆಳಮುಖವಾಗುವುದೆಂಬುದೇ ಅವನ ಗುಟ್ಟು ಎಂದು ಸ್ಯಾಮ್ಯುಯಲ್ ಪೀಪ್ಸ್ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ.

1995ರಲ್ಲಿ ಅಮೆರಿಕದಲ್ಲಿ ಆರಂಭವಾದ ‘ಈಬೇ’ ಹರಾಜುಕಟ್ಟೆಯಲ್ಲಿ ಬತ್ತಿಯ ಸ್ಥಾನವನ್ನು ಗಡಿಯಾರ ಆಕ್ರಮಿಸಿತು. ನಿಗದಿಯಾದ ಕ್ಷಣಕ್ಕೆ ಬಾಗಿಲು ಮುಚ್ಚುವುದರಿಂದ, ಎದುರಾಳಿಗೆ ಉಸಿರಾಡಲೂ ಬಿಡದೆ ಕೊನೆಯ ಸೆಕೆಂಡುಗಳಲ್ಲಿ ಸವಾಲು ಹಾಕುವ ಚಾಳಿ ಅಲ್ಲಿ ಬೆಳೆಯಿತು. ಆದರೆ ಇಲ್ಲಿ ಹೊಗೆಯ ಸುಳಿವಿಲ್ಲ. ಗಣಕದ ಪರದೆಯ ಮೇಲೆ ಎರಡು ಸೆಕೆಂಡು ಉಳಿದಿರುವಂತೆ ಕಂಡರೂ ಹರಾಜು ನಡೆಸುವ ಯಂತ್ರದಲ್ಲಿ ಕಾಲ ಮುಗಿದಿರಬಹುದು. ತೀರ್ಪು ಆ ಯಂತ್ರದ ಗಡಿಯಾರದ್ದೇ. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಬೆಂಗಳೂರಿನಿಂದ ಕ್ಯಾಲಿಫೋರ್ನಿಯಕ್ಕೆ ನೇರವಾಗಿ ಸುಮಾರು 14,000 ಕಿಲೋಮೀಟರ್. ಹೋಗಿಬರಲು ಸೆಕೆಂಡಿನ ಏಳನೆಯ ಒಂದು ಪಾಲಾದರೂ ಬೇಕು. ಇದಾದರೂ ಅಲ್ಪ. ಗುಪ್ತಪದ ಮರಳಿ ಕೇಳುವುದು, ‘ಖಚಿತವೇ?’ ಎಂಬ ಮತ್ತೊಂದು ಪುಟ ತೆರೆಯುವುದು, ಇವೇ ಹೆಚ್ಚಿನ ಹೊತ್ತನ್ನು ನುಂಗುತ್ತವೆ.

ಈ ಓಟದಿಂದ ಪಾರಾಗಲು ಈಬೇಯಲ್ಲೇ ಮಾರ್ಗವುಂಟು. ತಾನು ಕೊಡಬಲ್ಲ ಗರಿಷ್ಠ ಬೆಲೆಯನ್ನು ಗ್ರಾಹಕನು ಮೊದಲೇ ನಮೂದಿಸಿದರೆ, ಎದುರಾಳಿಯನ್ನು ಮೀರಲು ಬೇಕಾದಷ್ಟನ್ನೇ ಯಂತ್ರವು ಅವನ ಪರವಾಗಿ ಏರಿಸುತ್ತದೆ. ಹಾಗಿದ್ದರೂ ಜನ ಕಡೆಯ ಗಳಿಗೆಗೇ ಕಾಯುವುದೇಕೆ? ಆಲ್ವಿನ್ ರಾತ್ ಮತ್ತು ಆಕ್ಸೆಲ್ ಆಕೆನ್‌ಫೆಲ್ಸ್ ಎಂಬ ಅರ್ಥಶಾಸ್ತ್ರಜ್ಞರು 2002ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದನ್ನು ಪರಿಶೀಲಿಸಿದರು. ಅಮೆಜಾನಿನ ಅಂದಿನ ಹರಾಜಿನಲ್ಲಿ ಕೊನೆಗೆ ಹತ್ತು ನಿಮಿಷ ಯಾರೂ ಸವಾಲು ಹಾಕದಿದ್ದರೆ ಮಾತ್ರ ಮುಕ್ತಾಯ; ಅಲ್ಲಿ ಈ ಕಡೆಗಳಿಗೆಯ ನೂಕುನುಗ್ಗಲು ತೀರ ಕಡಿಮೆಯಿತ್ತು. ದೋಷ ಜನರ ಸ್ವಭಾವಕ್ಕಿಂತ ನಿಯಮದಲ್ಲೇ ಹೆಚ್ಚೆನ್ನಬೇಕು.

ಹಳೆಯ ನಾಣ್ಯ ಕೈತಪ್ಪಿದರೆ ಒಂದು ದಿನದ ಬೇಸರ. ಸಾಲ ತೀರದ ಮನೆಗಳನ್ನು ನಮ್ಮ ಬ್ಯಾಂಕುಗಳು ಅಂತರ್ಜಾಲದಲ್ಲಿ ಹರಾಜು ಹಾಕುವಾಗ ಸಂಸಾರವೊಂದರ ಜೀವಮಾನದ ಉಳಿತಾಯವೇ ಪಣದಲ್ಲಿರುತ್ತದೆ. ಪುಣ್ಯವಶಾತ್, ಅಲ್ಲಿ ಕೊನೆಯ ನಿಮಿಷಗಳಲ್ಲಿ ಸವಾಲು ಬಂದರೆ ಸಾಮಾನ್ಯವಾಗಿ ಐದು ನಿಮಿಷ ಅವಧಿ ತಾನಾಗಿ ಮುಂದುವರಿಯುತ್ತದೆ. ಆದರೆ ಠೇವಣಿಗೆ ಈ ಕೃಪೆಯಿಲ್ಲ. ಹಣ ಗಡುವಿನೊಳಗೆ ಜಮೆಯಾಗದಿದ್ದರೆ ಸವಾಲಿನ ಕಟ್ಟೆ ಹತ್ತುವಂತೆಯೇ ಇಲ್ಲ. ಗೆದ್ದವನು ಠೇವಣಿಯೂ ಸೇರಿ ಬೆಲೆಯ ಕಾಲುಭಾಗವನ್ನು ಅಂದೇ ಅಥವಾ ಮರುದಿನದ ಕೆಲಸದ ವೇಳೆಯೊಳಗೆ ಕಟ್ಟಬೇಕು.