ನಿಮಗಿದು ಗೊತ್ತೇ? ಮೊಳೆ ಹೊಡೆದು ನೋಡುವ ಬ್ಯಾಟರಿ

ಲಿಥಿಯಂ-ಅಯಾನ್ ಸೆಲ್‌ನ ಧನ, ಋಣ ಎರಡು ಬದಿಗಳು ಒಂದಕ್ಕೊಂದು ತಾಗದಂತೆ ತಡೆಯುವುದು ಸೆಪರೇಟರ್ ಎಂಬ ಪ್ಲಾಸ್ಟಿಕ್ ಪೊರೆ. ಅದರ ದಪ್ಪ ಸುಮಾರು 20 ಮೈಕ್ರಾನ್, ತಲೆಕೂದಲಿಗಿಂತ ತೆಳು. ಪಾಲಿಎಥಿಲೀನ್‌ನದಾದರೆ 130 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಕರಗುತ್ತದೆ.

ಕಾವು ಇನ್ನೂ ಏರಿತೋ, ನಿಕಲ್-ಕೋಬಾಲ್ಟ್ ಕ್ಯಾಥೋಡ್ ಒಡೆದು ತಾನೇ ಆಮ್ಲಜನಕ ಬಿಡತೊಡಗುತ್ತದೆ. ಶಾಖದಿಂದ ರಾಸಾಯನಿಕ ಕ್ರಿಯೆ, ಆ ಕ್ರಿಯೆಯಿಂದ ಮತ್ತಷ್ಟು ಶಾಖ. ಥರ್ಮಲ್ ರನ್‌ಅವೇ ಎಂದರೆ ಇದೇ. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಗಳಲ್ಲಿ ರಂಜಕ ಆಮ್ಲಜನಕವನ್ನು ಬಿಗಿಯಾಗಿ ಹಿಡಿದಿರುವುದರಿಂದ ಅಪಾಯ ಕಡಿಮೆ. ಹಾಗಂತ ಅವು ಸುಡುವುದೇ ಇಲ್ಲ ಎನ್ನುವ ಮಾರಾಟಗಾರನ ಮಾತು ನಂಬಬೇಡಿ. ಒಳಗಿನ ದ್ರಾವಕ ಅಲ್ಲೂ ಹೊತ್ತಿಕೊಳ್ಳುವಂಥದ್ದೇ.

ಆ ಪೊರೆ ತೂತಾದರೆ ಏನಾಗುತ್ತದೆ ಎಂದು ನೋಡುವ ಮೊಳೆ ಪರೀಕ್ಷೆ ಹೀಗೆ: ಪೂರ್ತಿ ಚಾರ್ಜ್ ಆದ ಸೆಲ್‌ಗೆ ತಾಪಮಾಪಕ ತಂತಿಗಳನ್ನು ಅಂಟಿಸಿ, ಭದ್ರವಾದ ಕೋಣೆಯೊಳಗಿಟ್ಟು, ಯಂತ್ರದಿಂದ ಉಕ್ಕಿನ ಮೊಳೆ ಇಳಿಸುತ್ತಾರೆ. ಊದಿಕೊಂಡ ಮೊಬೈಲ್ ಬ್ಯಾಟರಿಯನ್ನು ಚಾಕುವಿನ ತುದಿಯಿಂದ ಎಬ್ಬಿಸುವವರು ಇದೇ ಪರೀಕ್ಷೆಯನ್ನು ಅಂಗೈಯಲ್ಲಿ ಮಾಡುತ್ತಿರುತ್ತಾರೆ!

ಜಪಾನಿನ ವಿಜ್ಞಾನಿ ಅಕಿರಾ ಯೊಶಿನೊ 1986ರಲ್ಲಿ ತಮ್ಮ ಹೊಸ ಬ್ಯಾಟರಿಯ ಮೇಲೆ ದೊಡ್ಡ ಕಬ್ಬಿಣದ ತುಂಡು ಬೀಳಿಸಿದರು. ಅದಕ್ಕೆ ಆರಿಸಿಕೊಂಡ ಜಾಗ, ಸ್ಫೋಟಕಗಳನ್ನು ಪರೀಕ್ಷಿಸುವ ತಾಣ. ಏನೂ ಆಗಲಿಲ್ಲ. ಶುದ್ಧ ಲಿಥಿಯಂ ಲೋಹವಿದ್ದ ಬ್ಯಾಟರಿ ಮಾತ್ರ ಭೀಕರವಾಗಿ ಸಿಡಿಯಿತು. ಲಿಥಿಯಂ-ಅಯಾನ್ ಹುಟ್ಟಿದ್ದು ಆ ಕ್ಷಣದಲ್ಲೇ ಎನ್ನುತ್ತಾರೆ ಯೊಶಿನೊ. ನೊಬೆಲ್ ಬಂದದ್ದು 2019ರಲ್ಲಿ.

ಇಂದು ಸಾಗಣೆಗೆ ಮುನ್ನ ಬ್ಯಾಟರಿಗಳು ವಿಶ್ವಸಂಸ್ಥೆಯ 38.3 ನಿಯಮದ ಪರೀಕ್ಷೆಗಳನ್ನು ದಾಟಬೇಕು. 72 ಡಿಗ್ರಿಯಿಂದ ಮೈನಸ್ 40ಕ್ಕೆ, ಅಲ್ಲಿಂದ ಮತ್ತೆ ಮೇಲಕ್ಕೆ, ಹೀಗೆ ಹತ್ತು ಸುತ್ತು. ದುಂಡು ಸೆಲ್‌ಗಳ ಮೇಲೆ 61 ಸೆಂಟಿಮೀಟರ್ ಎತ್ತರದಿಂದ 9.1 ಕಿಲೋ ಭಾರ.

ಪಾಸಾದ ಮಾತ್ರಕ್ಕೆ ನಿಶ್ಚಿಂತೆಯೇ? 2013ರ ಜನವರಿ 7ರಂದು ಬಾಸ್ಟನ್‌ನಲ್ಲಿ ನಿಂತಿದ್ದ ಜಪಾನ್ ಏರ್‌ಲೈನ್ಸ್‌ನ ಬೋಯಿಂಗ್ 787 ವಿಮಾನದ ಬ್ಯಾಟರಿ ಹೊತ್ತಿಕೊಂಡಿತು. ಒಂದು ಸೆಲ್ ಕೆಟ್ಟರೂ ಪಕ್ಕದ್ದಕ್ಕೆ ಹಬ್ಬದು ಎಂದು ಬೋಯಿಂಗ್ ಪರೀಕ್ಷೆಗಳು ಹೇಳಿದ್ದವು. ಇಲ್ಲಿ ನೋಡಿದರೆ ಹುಲ್ಲುಮನೆಗಳ ಸಾಲಿಗೆ ಕಿಡಿ ಬಿದ್ದಂತೆ ಎಂಟೂ ಸೆಲ್‌ಗಳು ಹೋಗಿದ್ದವು. ಒಂಬತ್ತು ದಿನಗಳ ನಂತರ ಜಪಾನಿನಲ್ಲಿ ಇದೇ ಬ್ಯಾಟರಿ ತೊಂದರೆಯಿಂದ ಇನ್ನೊಂದು 787 ತುರ್ತಾಗಿ ಇಳಿಯಿತು. ಆಮೇಲೆ ಜಗತ್ತಿನ ಅಷ್ಟೂ 787ಗಳು ನೆಲದಲ್ಲೇ ಉಳಿದವು. ಪರಿಹಾರದಲ್ಲಿ ಒಂದು ಉಕ್ಕಿನ ಪೆಟ್ಟಿಗೆ: ಬೆಂಕಿ ಬಿದ್ದರೂ ಅದರೊಳಗೇ ಇರಲಿ, ಅನಿಲ ಹೊರಗೆ ಹೋಗಲಿ ಎಂದು.

ಎಲೆಕ್ಟ್ರಿಕ್ ಕಾರುಗಳ ಜಾಗತಿಕ ನಿಯಮವೂ ಇಷ್ಟೇ ಪ್ರಾಮಾಣಿಕ. ಬೆಂಕಿಯೇ ಬೇಡ ಎಂದು ಅದು ಹಟ ಹಿಡಿದಿಲ್ಲ. ಒಳಗಿದ್ದವರಿಗೆ ಅಪಾಯಕ್ಕೆ 5 ನಿಮಿಷ ಮೊದಲು ಎಚ್ಚರಿಕೆ ಸಿಕ್ಕರೆ ಸಾಕು. ಚೀನಾ ಹಟಕ್ಕೆ ಬಿದ್ದಿದೆ: 2026ರ ಜುಲೈ 1ರಿಂದ ಜಾರಿಯ ಅದರ ನಿಯಮದ ಪ್ರಕಾರ ಬೆಂಕಿಯೂ ಇಲ್ಲ, ಸ್ಫೋಟವೂ ಇಲ್ಲ. ನಮ್ಮಲ್ಲಿ 2022ರ ಬೇಸಿಗೆಯಲ್ಲಿ ಸ್ಕೂಟರುಗಳು ಹೊತ್ತಿ ಉರಿದ ಮೇಲೆ ಎಐಎಸ್-156 ಎಂಬ ಬ್ಯಾಟರಿ ಸುರಕ್ಷತಾ ನಿಯಮ ಬಿಗಿಯಾಯಿತು.

ಉರಿಯುವ ಬ್ಯಾಟರಿ ಪ್ಯಾಕ್‌ಗೆ ಅಗ್ನಿಶಾಮಕದವರು ಸುರಿಯುವುದು ನೀರನ್ನೇ, ಅದೂ ಧಾರಾಳವಾಗಿ. ತಣಿಸಲು ಅದಕ್ಕಿಂತ ಒಳ್ಳೆಯದು ಕಡಿಮೆ. ಆರಿದ ಪ್ಯಾಕ್ ಗಂಟೆಗಳು, ಕೆಲವೊಮ್ಮೆ ದಿನಗಳು ಕಳೆದ ಮೇಲೂ ಮತ್ತೆ ಹೊತ್ತುವುದುಂಟು.

ವಿಮಾನ ಹತ್ತುವವರಿಗೆ ಒಂದು ಲೆಕ್ಕ. ಬ್ಯಾಟರಿಗೆ ಸಾಮಾನ್ಯ ಮಿತಿ 100 ವ್ಯಾಟ್-ಅವರ್. 20,000 ಎಂಎಎಚ್ ಪವರ್ ಬ್ಯಾಂಕ್ ಅನ್ನು 3.7 ವೋಲ್ಟ್‌ನಿಂದ ಗುಣಿಸಿ ಸಾವಿರದಿಂದ ಭಾಗಿಸಿ: 74. ಕೈಚೀಲದಲ್ಲಿಟ್ಟುಕೊಳ್ಳಿ, ಚೆಕ್-ಇನ್ ಸೂಟ್‌ಕೇಸ್‌ನಲ್ಲಿ ಬೇಡ.