ಲಗ್ನಪತ್ರಿಕೆಗೂ ಒಂದು ಮುಹೂರ್ತವಿದೆ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದ ಹಿರಿಯರ ಕಾಲದಲ್ಲಿ ಲಗ್ನಪತ್ರಿಕೆ ಅಚ್ಚು ಹಾಕಿಸುವ ಗೋಜು ಇರಲಿಲ್ಲ. ಇದ್ದಿದ್ದರೆ ಗಾದೆಗೆ ಮೂರನೆಯ ತುಂಡೊಂದು ಸೇರುತ್ತಿತ್ತೇನೋ. ಮದುವೆಯ ಸಾರಿಗೆ ಉಪ್ಪು ಹೆಚ್ಚಾದರೆ ವಾರದಲ್ಲಿ ಮರೆತುಹೋಗುತ್ತದೆ. ಓಲಗದವರು ತಡವಾಗಿ ಬಂದರೆ ಜನ ನಕ್ಕು ಸುಮ್ಮನಾಗುತ್ತಾರೆ. ಆದರೆ 'ನಮಗೆ ಪತ್ರಿಕೆ ಬಂದದ್ದೇ ಮದುವೆಯಾದ ಮೇಲೆ' ಎಂಬ ಮಾತು ಹತ್ತು ವರ್ಷ ಕಳೆದರೂ ಹಾಗೇ ಉಳಿದಿರುತ್ತದೆ. ಕೆಲವು ಮನೆಗಳಲ್ಲಿ ಮುಂದಿನ ಮದುವೆಯ ಕರೆಯವರೆಗೂ ಮಾತೇ ನಿಂತಿರುತ್ತದೆ.

ಮೂಲದಲ್ಲಿ ಲಗ್ನಪತ್ರಿಕೆ ಎಂಬುದು ನಂಟರಿಷ್ಟರಿಗೆ ಹಂಚುವ ಕಾಗದವೇ ಅಲ್ಲ. ನಿಶ್ಚಿತಾರ್ಥದ ದಿನ ಪುರೋಹಿತರು ವಧೂವರರ ಹೆಸರು, ತಿಥಿ, ವಾರ, ನಕ್ಷತ್ರ, ಲಗ್ನಗಳನ್ನು ಬರೆದು, ಸಭೆಯಲ್ಲಿ ಗಟ್ಟಿಯಾಗಿ ಓದಿ, ಅರಿಶಿನ ಕುಂಕುಮ ಹಚ್ಚಿ ಎರಡೂ ಕಡೆಯವರ ಕೈಗಿಡುತ್ತಿದ್ದ ಒಪ್ಪಂದದ ಪತ್ರ ಅದು. ಇಂದಿಗೂ ಅನೇಕ ಮನೆಗಳಲ್ಲಿ ಈ ಪದ್ಧತಿ ಇದೆ. ಬಂಧುಗಳನ್ನು ಕರೆಯುವುದು ಬಾಯಿಮಾತಿನಲ್ಲಿ ನಡೆಯುತ್ತಿತ್ತು. ಕರಾವಳಿಯಲ್ಲಿ ಇದಕ್ಕೆ 'ಹೇಳಿಕೆ' ಎಂದೇ ಹೆಸರು. 1841ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಮುದ್ರಣಾಲಯ ಆರಂಭವಾಯಿತು. ಮುಂದೆ ಅಚ್ಚುಕೂಟಗಳು ಊರೂರಿಗೂ ಬಂದಂತೆ ಕರೆಯೋಲೆಯೂ ಮೊಳೆಗಳ ನಡುವೆ ಸೇರಿತು. ಹಳೆಯ ಪತ್ರದ ಶಾಲಿವಾಹನ ಶಕೆ, ಸಂವತ್ಸರ, ಮಾಸ, ಪಕ್ಷಗಳೆಲ್ಲ ಹಾಗೆಯೇ ಅಚ್ಚಿಗಿಳಿದವು.

ಈ ಪಂಚಾಂಗವೇ ಅಚ್ಚುಕೂಟದ ಗದ್ದಲಕ್ಕೂ ಕಾರಣ. ಹಲವು ಮನೆತನಗಳಲ್ಲಿ ಆಷಾಢ, ಪಿತೃಪಕ್ಷ, ಧನುರ್ಮಾಸಗಳಲ್ಲಿ ಮದುವೆ ಇಲ್ಲ. ಗುರು ಶುಕ್ರರು ಅಸ್ತರಾದಾಗಲೂ ಇಲ್ಲ. ಸುಮಾರು ಮೂವತ್ತೆರಡು ತಿಂಗಳಿಗೊಮ್ಮೆ ಬರುವ ಅಧಿಕ ಮಾಸವೂ ವರ್ಜ್ಯವೇ. 2026ರಲ್ಲಿ ಅದು ಬೀಳುವುದು ಮೇ 17ರಿಂದ ಜೂನ್ 15ರವರೆಗೆ, ಶಾಲಾ ರಜೆಯ ಮದುವೆಗಳ ಭರಾಟೆಯ ನಡುವೆಯೇ. ಹೀಗೆ ಕಳೆದು ಉಳಿದ ಕೆಲವೇ ದಿನಗಳಿಗೆ ಎಲ್ಲರೂ ಮುಗಿಬೀಳುತ್ತಾರೆ. ಒಂದೇ ಮುಹೂರ್ತಕ್ಕೆ ಛತ್ರ ಸಿಗದಂತೆ ಮುದ್ರಕನೂ ಸಿಗುವುದಿಲ್ಲ. ಆದ್ದರಿಂದ ಮದುವೆಯ ದಿನದಿಂದ ಹಿಂದಕ್ಕೆ ಎಣಿಸುವುದೇ ಜಾಣತನ.

ಛತ್ರ ಗೊತ್ತಾಗಿ ಮುಂಗಡ ಕೊಟ್ಟ ರಸೀದಿ ಕೈಗೆ ಬರುವ ತನಕ ಪತ್ರಿಕೆಯ ಮಾತು ಬೇಡ. ಮೂರು ತಿಂಗಳು ಮೊದಲು ಎರಡೂ ಕಡೆಯವರು ಕೂತು ಪಟ್ಟಿ ಬರೆಯಬೇಕು. ಎಣಿಸಬೇಕಾದದ್ದು ತಲೆಗಳನ್ನಲ್ಲ, ಮನೆಗಳನ್ನು. ಆರುನೂರು ಮಂದಿಯ ಊಟಕ್ಕೆ ಆರುನೂರು ಪತ್ರಿಕೆ ಬೇಕಿಲ್ಲ. ಎರಡು ತಿಂಗಳಿರುವಾಗ ಕಾರ್ಡು ಆರಿಸಿ ಒಕ್ಕಣೆ ಕೊಟ್ಟರೆ, ಕರಡು ತಿದ್ದಿ ಅಚ್ಚಾಗಿ ಬರಲು ಸಾವಕಾಶವಿರುತ್ತದೆ. ಆಫ್‌ಸೆಟ್ ಮುದ್ರಣದಲ್ಲಿ ಪ್ಲೇಟು ಮಾಡಿ ಯಂತ್ರಕ್ಕೆ ಕೂರಿಸುವ ಖರ್ಚು ನೂರು ಪ್ರತಿಗೂ ಸಾವಿರ ಪ್ರತಿಗೂ ಒಂದೇ. ಹಾಗಾಗಿ ಮೊದಲೇ ಐವತ್ತು ಹೆಚ್ಚು ಹಾಕಿಸುವುದು ಅಗ್ಗ. ಸಾಲದೆ ಬಂದು ಮತ್ತೆ ಐವತ್ತು ಹಾಕಿಸುವುದು ದುಬಾರಿ. ವಿಳಾಸ ತಪ್ಪುವುದು ಸಹಜವಾದ್ದರಿಂದ ಲಕೋಟೆಗಳನ್ನು ಇನ್ನೂ ಕೆಲವು ಹೆಚ್ಚು ಕೇಳಿ ಪಡೆಯಬೇಕು.

ಕರಡು ತಿದ್ದುವ ಕೆಲಸವನ್ನು ಒಬ್ಬರಿಗೇ ಬಿಡಬಾರದು. ವಾರಕ್ಕೂ ತಾರೀಖಿಗೂ ತಾಳೆಯಾಗುತ್ತದೆಯೇ ಎಂಬುದು ಮೊದಲ ಪರೀಕ್ಷೆ. ಇಲ್ಲೊಂದು ಸೂಕ್ಷ್ಮವಿದೆ. ಪಂಚಾಂಗದ ವಾರ ಹುಟ್ಟುವುದು ಸೂರ್ಯೋದಯಕ್ಕೆ, ಗಡಿಯಾರದ ದಿನ ಬದಲಾಗುವುದು ನಡುರಾತ್ರಿಗೆ. ಗುರುವಾರ ಬೆಳಗಿನ ಜಾವ 4.30ರ ಮುಹೂರ್ತ ಪುರೋಹಿತರ ಲೆಕ್ಕದಲ್ಲಿ ಬುಧವಾರದ್ದು. ಬುಧವಾರ ಎಂದಷ್ಟೇ ಅಚ್ಚಾದರೆ ದೂರದ ನೆಂಟರು ಒಂದು ದಿನ ಮೊದಲೇ ಬಂದು ಬೀಗ ಹಾಕಿದ ಛತ್ರದ ಮುಂದೆ ನಿಲ್ಲಬೇಕಾದೀತು. ಆರತಕ್ಷತೆ ಹಿಂದಿನ ಸಂಜೆಯಾದರೆ ಎರಡೂ ತಾರೀಖುಗಳನ್ನು ಬಿಡಿಸಿ ಹಾಕಿಸಬೇಕು. ವಿವಾಹ ನೋಂದಣಿಯ ವೇಳೆ ಲಗ್ನಪತ್ರಿಕೆಯನ್ನೂ ದಾಖಲೆಯಾಗಿ ಕೇಳುವುದುಂಟು. ಆದ್ದರಿಂದ ವಧೂವರರ ಹೆಸರು ಗುರುತಿನ ಚೀಟಿಯಲ್ಲಿರುವಂತೆಯೇ ಇರಲಿ.

1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುವವರ ಲೆಕ್ಕ ಬೇರೆ. ವಿವಾಹಾಧಿಕಾರಿಗೆ ನೋಟಿಸ್ ಕೊಟ್ಟು, ಅದು ಪ್ರಕಟವಾದ ಮೇಲೆ ಆಕ್ಷೇಪಣೆಗೆ 30 ದಿನ ಕಾಯಬೇಕು. ನೋಟಿಸ್ ಕೊಟ್ಟು ಮೂರು ತಿಂಗಳೊಳಗೆ ಮದುವೆ ನಡೆಯದಿದ್ದರೆ ಅದು ರದ್ದಾಗುತ್ತದೆ. ಇವರು ಈ ಎರಡು ಗಡುವುಗಳ ನಡುವೆ ದಿನ ಗೊತ್ತುಮಾಡಿಕೊಂಡ ಮೇಲೆಯೇ ಅಚ್ಚಿಗೆ ಕೊಡಬೇಕು.

ಪತ್ರಿಕೆ ಬಂದೊಡನೆ ಮೊದಲ ಪ್ರತಿ ಮನೆದೇವರಿಗೆ. ಬಳಿಕ ಅಂಚೆಯ ಪಾಲು. ಒಂದು ಕಾಲಕ್ಕೆ ಲಕೋಟೆಯ ಬಾಯಿ ಅಂಟಿಸದೆ, ಮೇಲೆ 'ಬುಕ್ ಪೋಸ್ಟ್' ಎಂದು ಬರೆದು ಕಡಿಮೆ ಅಂಚೆಚೀಟಿಯಲ್ಲಿ ಕಂತೆಗಟ್ಟಲೆ ಕಳಿಸುತ್ತಿದ್ದರು. 2025ರ ಸೆಪ್ಟೆಂಬರ್ 1ರಿಂದ ದೇಶದೊಳಗಿನ ರಿಜಿಸ್ಟರ್ಡ್ ಪೋಸ್ಟ್ ಸೇವೆಯೂ ಸ್ಪೀಡ್ ಪೋಸ್ಟ್‌ನಲ್ಲಿ ವಿಲೀನವಾಗಿದೆ. ಯಾವುದರಲ್ಲಿ ಕಳಿಸಿದರೂ 1972ರಲ್ಲಿ ಜಾರಿಗೆ ಬಂದ ಆರಂಕಿಯ ಪಿನ್ ಕೋಡನ್ನು ಮರೆಯಬಾರದು. ಅದರ ಕೊನೆಯ ಮೂರು ಅಂಕಿಗಳೇ ಅಂಚೆ ಕಚೇರಿಯನ್ನು ತೋರಿಸುವುದು. ಪರ ಊರಿನವರಿಗೆ ಒಂದು ತಿಂಗಳು ಮೊದಲು ಕಳಿಸುವುದು ಲೇಸು. ವಿಮಾನದ ಟಿಕೆಟು, ರಜೆ ಹೊಂದಿಸಬೇಕಾದ ವಿದೇಶದ ಬಂಧುಗಳಿಗೆ ನಿಶ್ಚಯವಾದ ದಿನವೇ ತಾರೀಖು ತಿಳಿಸಿಬಿಡಬೇಕು.

ಊರಿನಲ್ಲಿರುವವರನ್ನು ಕರೆಯಲು ಕೊನೆಯ ಮೂರು ವಾರ. ಇನ್ನೂ ಮುಂಚೆ ಕೊಟ್ಟರೆ ಮರೆಯುತ್ತಾರೆ, ತಡವಾದರೆ 'ಲೆಕ್ಕ ಭರ್ತಿಗೆ ಕರೆದರು' ಎನ್ನುತ್ತಾರೆ. ಈಗ ಮೊಬೈಲಿನಲ್ಲಿ ಒಂದೇ ಕ್ಷಣದಲ್ಲಿ ಕರೆಯೋಲೆ ಕಳಿಸಬಹುದು, ಖರ್ಚೂ ಇಲ್ಲ. ಆದರೆ ಮದುವೆ ಕಾರ್ಡಿನ ವೇಷದಲ್ಲಿ ಕಳ್ಳ ಫೈಲು ಬರುತ್ತದೆಂದು ಪೊಲೀಸರೇ ಎಚ್ಚರಿಸಿರುವಾಗ, ವಯಸ್ಸಾದವರು ಅದನ್ನು ತೆರೆಯಲು ಅಂಜಿದರೆ ತಪ್ಪೇನು? ಫೋನಿನ ಕಾರ್ಡು ನೆನಪಿಸಲು ಸಾಕು, ಕರೆಯಲು ಸಾಲದು.

ಹೊಸಿಲು ದಾಟಿ ಬಂದು, ಕುಂಕುಮ ಇಟ್ಟು, 'ಎಲ್ಲರೂ ಬರಬೇಕು' ಎಂದವರ ಪತ್ರಿಕೆ ಎಷ್ಟು ಅಗ್ಗದ್ದೆಂದು ಯಾರೂ ನೋಡುವುದಿಲ್ಲ. ಸಾವಿರಾರು ರೂಪಾಯಿಯ ಮಖಮಲ್ಲಿನ ಕಾರ್ಡು ಹಾಕಿಸಿ ಸಮಯ ಕಳೆದುಕೊಳ್ಳುವುದಕ್ಕಿಂತ, ಸಾದಾ ಕಾರ್ಡನ್ನು ಬೇಗ ಹಾಕಿಸಿ, ಉಳಿದ ದಿನಗಳಲ್ಲಿ ಸೋದರತ್ತೆಯ ಮನೆಗೆ ಹೋಗಿ ಬರುವುದು ಮೇಲು.